ಮಧ್ಯೆ ಯಾರೋ ಕೂಗ್ತಿದ್ರು ಸಾರ್

"ಮಧ್ಯೆ ಯಾರೋ ಕೂಗ್ತಿದ್ರು ಸಾರ್, ತೆಗೆದ್ಬಿಟ್ಟೆ. ಈಗ ಕ್ಲೀನಾಗಿದೆ."

ಮಂಗಳವಾರ ಸಂಜೆ ಅಂಗಡಿಯ ಹುಡುಗ ಪೆನ್‌ಡ್ರೈವ್ ಕೈಗಿಡುತ್ತಾ ಹೇಳಿದ ಮಾತಿದು. ಹುಡುಗ ಒಳ್ಳೆಯವನು. ದುಡ್ಡೂ ಜಾಸ್ತಿ ಕೇಳಲಿಲ್ಲ. ಒಂದು ಹಳೇ ಕ್ಯಾಸೆಟ್ಟಿಗಾಗಿ ಮೂರು ದಿನ ಕೂತಿದ್ದ. ಒಳ್ಳೇ ಕೆಲಸ ಮಾಡಿದೆ ಅನ್ನೋ ಖುಷಿ ಅವನ ಮುಖದಲ್ಲಿ ಕಾಣುತ್ತಿತ್ತು. ಅದಕ್ಕೇ ನನ್ನ ಬಾಯಿಂದ ಏನೂ ಹೊರಡಲಿಲ್ಲ. ದುಡ್ಡು ಕೊಟ್ಟು, ಕ್ಯಾಸೆಟ್ ಜೇಬಿಗೆ ಹಾಕಿಕೊಂಡು ಬಂದುಬಿಟ್ಟೆ.

ಕೂಗಿದವರು ನಮ್ಮ ಅಪ್ಪ.

1984ರ ಗಣೇಶನ ಹಬ್ಬ. ಮೈಸೂರಿನ ಒಂಟಿಕೊಪ್ಪಲಿನ ಎಂಟನೇ ಕ್ರಾಸ್ ಪೆಂಡಾಲಿನಲ್ಲಿ ಪಿಟೀಲು ಕಚೇರಿ. ಅಪ್ಪ ಟೇಪ್‌ರೆಕಾರ್ಡರನ್ನು ತೊಡೆ ಮೇಲಿಟ್ಟುಕೊಂಡು ರೆಕಾರ್ಡ್ ಮಾಡಿದ್ದರು. ಪಿಟೀಲಿನವರು ಒಂದು ಕಡೆ ಮೇಲಿನ ಷಡ್ಜ ಮುಟ್ಟಿ ನಿಂತಾಗ, ಮೈಕಿನ ಹತ್ತಿರವೇ "ಭೇಷ್!" ಅಂತ ಒಂದು ಕೂಗು ಬರುತ್ತದೆ. ನಾನು, ಅಕ್ಕ ಅದನ್ನ ಅಪ್ಪನ ಭೇಷ್ ಕ್ಯಾಸೆಟ್ ಅಂತಲೇ ಕರೆಯುತ್ತಿದ್ದೆವು. 1988ರಲ್ಲಿ ಅಪ್ಪ ಹೋದರು. ಸ್ವಲ್ಪ ದಿನಕ್ಕೆ ಟೇಪ್‌ರೆಕಾರ್ಡರೂ ಕೆಟ್ಟಿತು. ಕ್ಯಾಸೆಟ್ ಬೀರುವಿನಲ್ಲಿ, ಅಮ್ಮನ ರೇಷ್ಮೆ ಸೀರೆಗಳ ಕೆಳಗೆ ಉಳಿಯಿತು. ಅಪ್ಪನ ದನಿ ಅಂತ ನಮ್ಮ ಮನೆಯಲ್ಲಿ ಇರೋದು ಅದೊಂದೇ.

ರಾತ್ರಿ ಇಯರ್‌ಫೋನ್ ಹಾಕಿಕೊಂಡು ಕೇಳಿದೆ. ಭೇಷ್ ಇಲ್ಲ. ಕೆಮ್ಮು ಇಲ್ಲ. ಮಕ್ಕಳ ಗಲಾಟೆ ಇಲ್ಲ, ಹೊರಗೆ ಹೋಗೋ ಸ್ಕೂಟರಿನ ಸದ್ದಿಲ್ಲ. ಮೊದಲ ಹತ್ತು ನಿಮಿಷ ಚೆನ್ನಾಗೇ ಇದೆಯಲ್ಲ ಅನ್ನಿಸಿತು, ನಿಜ. ಆಮೇಲೆ ಏನೋ ಕಡಿಮೆ ಇದೆ ಅನ್ನಿಸತೊಡಗಿತು. ಏನು ಅಂತ ಹೊಳೆಯೋಕೆ ಸ್ವಲ್ಪ ಹೊತ್ತು ಹಿಡಿಯಿತು. ತಂಬೂರಿ! ತಂಬೂರಿನೇ ಇಲ್ಲ.

ಈ ಸಾಫ್ಟ್‌ವೇರುಗಳು ಕೆಲಸ ಮಾಡೋದು ಹೀಗೆ. ಯಾರೂ ನುಡಿಸದ ಒಂದು ಸೆಕೆಂಡನ್ನು ಅದಕ್ಕೆ ತೋರಿಸಬೇಕು. ಆ ಸೆಕೆಂಡಿನಲ್ಲಿ ಕೇಳೋದೆಲ್ಲ ಕಸ ಅಂತ ಅದು ಗುರುತು ಹಾಕಿಕೊಂಡು, ಆ ಗುರುತಿನ ಸದ್ದನ್ನು ಕ್ಯಾಸೆಟ್ ಪೂರ್ತಿ ಕಳೆಯುತ್ತಾ ಹೋಗುತ್ತದೆ. ಆದರೆ ನಮ್ಮ ಕಚೇರಿಯಲ್ಲಿ ಯಾರೂ ನುಡಿಸದಾಗಲೂ ತಂಬೂರಿ ನುಡಿಯುತ್ತಿರುತ್ತದಲ್ವಾ? ಒಂದೇ ಸಮ ಬರೋ ಸದ್ದು ಅದು. ಟೇಪಿನ ಸರ್ ಅನ್ನೋ ಸದ್ದಿನ ಜೊತೆ ಶ್ರುತಿಯನ್ನೂ ಕಸ ಅಂತ ಗುಡಿಸಿ ಹಾಕಿದೆ.

ನಿದ್ದೆ ಬರಲಿಲ್ಲ. ಇಯರ್‌ಫೋನ್ ತೆಗೆಯದೆ ರಶ್ ಅನ್ನೋ ರಾಕ್ ತಂಡದ ಲೈವ್ ರೆಕಾರ್ಡ್ ಹಾಕಿಕೊಂಡೆ. 'ಆಲ್ ದ ವರ್ಲ್ಡ್ಸ್ ಎ ಸ್ಟೇಜ್', 1976. ಮೂವತ್ತು ವರ್ಷದಿಂದ ಮನಸ್ಸು ಕೆಟ್ಟಾಗ ನಾನು ಹೋಗೋ ಜಾಗ ಅದು.

ಕೆನಡಾದ ಮೂವರು. ಗೆಡ್ಡಿ ಲೀ ಬಾಸ್ ನುಡಿಸುತ್ತಾ ಹಾಡುತ್ತಾನೆ, ಅಲೆಕ್ಸ್ ಲೈಫ್‌ಸನ್ ಗಿಟಾರ್, ನೀಲ್ ಪೀರ್ಟ್ ಡ್ರಮ್ಸ್. ಹಿಂದಿನ ವರ್ಷ ಅವರ ಆಲ್ಬಂ ಸೋತಿತ್ತು. ಚಿಕ್ಕ ಹಾಡು ಮಾಡಿ ಅಂತ ಕಂಪನಿಯವರ ಒತ್ತಾಯ. ಇವರು ಹಟ ಹಿಡಿದು ರೆಕಾರ್ಡಿನ ಒಂದಿಡೀ ಬದಿಗೆ, ಇಪ್ಪತ್ತು ನಿಮಿಷದ ಒಂದೇ ಕೃತಿ ಮಾಡಿದರು. ಅದು ಗೆದ್ದಿತು. ಆ ಗೆಲುವಿನ ಬಿಸಿ ಆರುವ ಮೊದಲೇ, ಜೂನ್ 11, 12, 13ರಂದು ತಮ್ಮ ಊರು ಟೊರಾಂಟೊದ ಮ್ಯಾಸಿ ಹಾಲಿನಲ್ಲಿ ನುಡಿಸಿದ್ದೇ ಈ ರೆಕಾರ್ಡ್. 1894ರ ಹಾಲು ಅದು. ಆ ಹಾಲು ಇದರಲ್ಲಿ ಕೇಳಿಸುತ್ತದೆ. ಶಿಳ್ಳೆ, ಚಪ್ಪಾಳೆ, ಗಿಟಾರಿನ ಒರಟು. ಗೆಡ್ಡಿಯ ದನಿಯಂತೂ ಕೆಲವು ಕಡೆ ಚೀರುತ್ತದೆ. 1981ರಲ್ಲಿ ಇವರದೇ ಎರಡನೇ ಲೈವ್ ರೆಕಾರ್ಡ್ ಬಂತು. ನುಣುಪಾಗಿದೆ, ಅಚ್ಚುಕಟ್ಟಾಗಿದೆ. ನಾನು ಅದನ್ನ ವರ್ಷಕ್ಕೊಂದು ಸಲವೂ ಹಾಕೋದಿಲ್ಲ.

ಮೂವರೇ ಇದ್ದಾಗ ಬಚ್ಚಿಟ್ಟುಕೊಳ್ಳೋಕೆ ಜಾಗ ಇರೋದಿಲ್ಲ. ಸ್ಟುಡಿಯೋದಲ್ಲಾದರೆ ಒಂದು ಗಿಟಾರಿನ ಮೇಲೆ ಇನ್ನೊಂದು ಗಿಟಾರ್ ಸೇರಿಸಬಹುದು. ವೇದಿಕೆ ಮೇಲೆ ಅಲೆಕ್ಸ್ ಸೋಲೋಗೆ ಹೊರಟ ಅಂದರೆ ಅವನ ಕೆಳಗಿನ ನೆಲವೇ ಖಾಲಿ. ಆಗ ಗೆಡ್ಡಿಯ ಬಾಸ್ ಮೇಲಕ್ಕೆ ಬಂದು ಆ ಜಾಗ ತುಂಬುತ್ತದೆ. ನೀಲ್ ಸುಮ್ನೆ ತಾಳ ಇಡೋದಿಲ್ಲ, ಪ್ರತಿ ಮಾತಿಗೂ ಉತ್ತರ ಕೊಡುತ್ತಾನೆ. ಕೊನೆಯ ಕಡೆಯ ಡ್ರಮ್ ಸೋಲೋಗೆ ಮುಂಚೆ ಗೆಡ್ಡಿ ಅವನನ್ನು 'ಪ್ರೊಫೆಸರ್' ಅಂತ ಕರೆದು ಜಾಗ ಬಿಟ್ಟುಕೊಡುತ್ತಾನೆ. ಥೇಟ್ ನಮ್ಮ ಕಚೇರಿಯಲ್ಲಿ ಮೃದಂಗದವರೊಬ್ಬರಿಗೇ ಬಿಟ್ಟುಕೊಡೋ ತನಿ ಆವರ್ತನ.

ಕಾಲೇಜಿನಲ್ಲಿದ್ದಾಗ ಮಂಡ್ಯದ ಗೆಳೆಯ ಕಾಪಿ ಮಾಡಿಕೊಟ್ಟ ಕ್ಯಾಸೆಟ್ಟಿನಲ್ಲಿ ಇದನ್ನ ಮೊದಲು ಕೇಳಿದ್ದು. ಅಡುಗೆಮನೆಯಿಂದ ಅಮ್ಮ ಕೇಳಿದ್ದರು, "ಎಷ್ಟು ಜನ ಬಾರಿಸ್ತಿದಾರೋ?" ಮೂರು ಅಂದೆ. "ಕಚೇರಿ ಹಾಗೇ ಅನ್ನು" ಅಂದರು. ಆಮೇಲೆ ಚೌಡಯ್ಯನವರ ಮಾತು ತೆಗೆದರು. ದೊಡ್ಡ ಸಭೆಯಲ್ಲಿ ಹಿಂದೆ ಕೂತವರಿಗೆ ಪಿಟೀಲು ಕೇಳೋದಿಲ್ಲ ಅಂತ ಅವರು ನಾಲ್ಕು ತಂತಿಯನ್ನು ಏಳು ಮಾಡಿಕೊಂಡರಂತೆ. ರಾಕ್ ಸಂಗೀತದ ಬಗ್ಗೆ ನಾನು ಕೇಳಿರೋ ಒಳ್ಳೇ ಮಾತು ಇವತ್ತಿಗೂ ಅದೇ. ಹಿಂದಿನ ಸಾಲಿನವನಿಗೂ ಮುಟ್ಟಬೇಕು ಅನ್ನೋ ಒದ್ದಾಟ ಎಲ್ಲ ಕಡೆ ಒಂದೇ.

ಈ ರೆಕಾರ್ಡಿನ ಕೊನೆಯಲ್ಲಿ ಒಂದು ಜಾಗ ಇದೆ. ಕೊನೆಯ ಹಾಡು ಮುಗಿದು, ಜನರ ಕೂಗು ದೂರವಾಗುತ್ತದೆ. ವೇದಿಕೆಯ ಹಿಂದೆ ಹೋದವರ ಮಾತು ಕೇಳುತ್ತದೆ. ಆಮೇಲೆ ಧಡ್ ಅಂತ ಒಂದು ಬಾಗಿಲು ಮುಚ್ಚುತ್ತದೆ. ಅಷ್ಟೇ. ನನ್ನ ಹಳೇ ಕ್ಯಾಸೆಟ್ಟಿನಲ್ಲಿ ಆ ಬಾಗಿಲಾದ ಮೇಲೆ ಟೇಪು ಖಾಲಿ ಓಡುತ್ತಿತ್ತು, ನಾನು ಎದ್ದು ನಿಲ್ಲಿಸುತ್ತಿರಲಿಲ್ಲ. ಆ ಬಾಗಿಲಿನ ಆಚೆ ಬೆವರು ಒರೆಸಿಕೊಳ್ಳುತ್ತಾ ಕೂತ ಮೂವರು ಇದ್ದಾರೆ ಅನ್ನಿಸೋದು. ಅವರಲ್ಲಿ ನೀಲ್ 2020ರ ಜನವರಿಯಲ್ಲಿ ತೀರಿಕೊಂಡ. ಬಾಗಿಲು ಮಾತ್ರ ಈಗಲೂ ಹಾಗೇ ಮುಚ್ಚುತ್ತದೆ.

ಇದನ್ನ ಮೊದಲ ಸಲ ಸಿಡಿಗೆ ತಂದಾಗ ಒಂದೇ ಡಿಸ್ಕಿನಲ್ಲಿ ಹಿಡಿಸಲಿಲ್ಲ ಅಂತ ಆ ಕೊನೆಯ ಹಾಡನ್ನೇ ಕೈಬಿಟ್ಟಿದ್ದರು. 1997ರಲ್ಲಿ ಮತ್ತೆ ಸೇರಿಸಿದರು. ಸೇರಿಸಬಹುದಿತ್ತು, ಯಾಕೆಂದರೆ ಮೂಲ ಟೇಪು ಇತ್ತು.

ಬುಧವಾರ ಬೆಳಗಿನ ಜಾವ ಇದು ತಲೆಗೆ ಹೋದದ್ದೇ ಎದ್ದು ಕೂತೆ. ನನ್ನ ಹತ್ತಿರವೂ ಮೂಲ ಇದೆ! ಪ್ಯಾಂಟಿನ ಜೇಬಿನಲ್ಲೇ ಇದೆ!

ಮಂಡ್ಯದ ಗೆಳೆಯನಿಗೆ ಫೋನ್ ಮಾಡಿದೆ. ಗದ್ದೆ, ಕಬ್ಬು ಅಂತ ಎಷ್ಟೇ ಓಡಾಡಿದರೂ ಅವನು ತನ್ನ ಕ್ಯಾಸೆಟ್ ಡೆಕ್ಕನ್ನು ಇವತ್ತಿಗೂ ಚಾಲೂ ಇಟ್ಟಿದ್ದಾನೆ. ಎಲ್ಲ ಕೇಳಿಸಿಕೊಂಡು, "ಯಾವನ್ಲಾ ಅವ್ನು ತೆಗ್ದಾಕ್ದೋನು?" ಅಂತ ರೇಗಿದ. ನಾನು ಹುಡುಗನ ಪರ ವಹಿಸಿ ಮಾತಾಡಿದೆ. ಅವನದೇನು ತಪ್ಪು? ಅವನ ಕಿವಿಗೆ ಅದು ಯಾರೋ. ಹೀಗೆ ತೆಗೆಯಬೇಡಪ್ಪ ಅಂತ ಮೊದಲೇ ಹೇಳಬೇಕಾದವನು ನಾನು. ಆದರೂ ಆ 'ಯಾರೋ' ಅನ್ನೋ ಪದ ಇದೆಯಲ್ಲ, ಅದು ಚುಚ್ಚುತ್ತಲೇ ಇತ್ತು. ಮಧ್ಯೆ ಯಾರೋ.

ಭಾನುವಾರ ಅಮ್ಮನನ್ನೂ ಕರೆದುಕೊಂಡು ಮಂಡ್ಯಕ್ಕೆ ಹೋದೆ. ಅಮ್ಮನಿಗೆ ಈಗ 78. ಗೆಳೆಯ ಹತ್ತಿಗೆ ಸ್ಪಿರಿಟ್ ಹಚ್ಚಿ ಡೆಕ್ಕಿನ ಹೆಡ್ ಒರೆಸಿದ. ಹತ್ತಿ ಕಂದು ಬಣ್ಣಕ್ಕೆ ತಿರುಗಿತು. ಇನ್ನೊಂದು ಉಂಡೆ ತೆಗೆದುಕೊಂಡು ಮತ್ತೆ ಒರೆಸಿದ. ಕ್ಯಾಸೆಟ್ಟಿನೊಳಕ್ಕೆ ಪೆನ್ಸಿಲ್ ತೂರಿಸಿ ಟೇಪು ಬಿಗಿ ಮಾಡಿದ. ಆಮೇಲೆ ಬಟನ್ ಒತ್ತಿದ.

ಸರ್ ಅನ್ನೋ ಸದ್ದು. ಅದರೊಳಗಿಂದ ತಂಬೂರಿ. ಎಷ್ಟು ಹಿತವಾಗಿತ್ತು ಅಂದರೆ, ಪಿಟೀಲು ಶುರುವಾಗೋದಕ್ಕೆ ಮುಂಚೆನೇ ನನ್ನ ಗಂಟಲು ಕಟ್ಟಿತು. ಮಕ್ಕಳು ಅಳುತ್ತಿದ್ದವು. ಸ್ಕೂಟರ್ ಹೋಯಿತು. ಪಿಟೀಲು ಮೇಲಿನ ಷಡ್ಜಕ್ಕೆ ಹತ್ತಿತು, ನಿಂತಿತು.

"ಭೇಷ್!"

ನಾನು ಅಮ್ಮನ ಮುಖ ನೋಡಿದೆ. ಅಮ್ಮ ತಲೆ ಅಲ್ಲಾಡಿಸಿದರು.

"ನಿಮ್ಮಪ್ಪ ಅಲ್ಲ ಕಣೋ ಅದು. ಪಕ್ಕದ ಮನೆಯವರು. ಎಲ್ಲಾ ಕಚೇರೀಲೂ ಹಾಗೇ ಕೂಗೋರು."

ಗೆಳೆಯ ನಿಲ್ಲಿಸೋಕೆ ಕೈ ಚಾಚಿದ. ಅಮ್ಮ ಬೇಡ ಅಂತ ಕೈ ತೋರಿಸಿದರು. ಭೇಷ್ ಆದ ಎರಡು ಸೆಕೆಂಡಿಗೆ, ಮೈಕಿಗೆ ಬಾಯಿ ತಾಗಿಸಿಕೊಂಡ ಹಾಗೆ, ತುಂಬ ಮೆಲ್ಲಗೆ, ಒಂದು ದನಿ ಬಂತು.

"ಸುಮ್ನಿರಪ್ಪ, ರೆಕಾರ್ಡ್ ಆಗ್ತಿದೆ."

"ಇದು" ಅಂದರು ಅಮ್ಮ. "ಇನ್ನೊಂದ್ಸಲ ಹಾಕಪ್ಪ."

ಗೆಳೆಯ ಟೇಪು ಹಿಂದಕ್ಕೆ ಸುತ್ತಿದ.