ಚಿತ್ರಕ್ಕೆ ಬೆಲೆ ಎಷ್ಟು ಹೇಳಬೇಕು?

ವಿಜಯಪುರದಲ್ಲಿ ಜಲವರ್ಣ ಚಿತ್ರ ಬರೆದು ಮಾರುವ ನನ್ನನ್ನು, ಚಿತ್ರಕಲೆ ಓದಿ ಬಂದ ಹುಡುಗ ಹುಡುಗಿಯರು ತಪ್ಪದೆ ಕೇಳುವ ಪ್ರಶ್ನೆ ಒಂದೇ: “ಸರ್, ಬೆಲೆ ಎಷ್ಟು ಹೇಳಬೇಕ್ರೀ?” ಕೊಳ್ಳುವವರು ಎಲ್ಲಿ ಸಿಗುತ್ತಾರೆಂದು ಕೇಳುವುದು ಆಮೇಲೆ. ಈ ಕ್ರಮವೇ ಸರಿ, ಏಕೆಂದರೆ ಬೆಲೆ ಹೇಳಲು ತಡವರಿಸುವವನ ಮುಂದೆ ಗಿರಾಕಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ನಾನು ಮೊದಮೊದಲು ಮುಖ ನೋಡಿ ಬೆಲೆ ಹೇಳುತ್ತಿದ್ದೆ. ಇಲ್ಲಿನ ಇಬ್ರಾಹಿಂ ರೋಜಾ ಸ್ಮಾರಕದ ಒಂದೇ ಅಳತೆಯ ಎರಡು ಚಿತ್ರಗಳನ್ನು ಇಬ್ಬರು ವೈದ್ಯರಿಗೆ ಬೇರೆ ಬೇರೆ ಬೆಲೆಗೆ ಕೊಟ್ಟೆ. ಅವರಿಬ್ಬರೂ ಬೀಗರೆಂಬುದು ನನಗೆ ಗೊತ್ತಿರಲಿಲ್ಲ. ಹೆಚ್ಚು ಕೊಟ್ಟವರು ಜಗಳವಾಡಲಿಲ್ಲ, ಮತ್ತೆ ಬರಲೂ ಇಲ್ಲ.

ಅಂದಿನಿಂದ ಅಳತೆಯ ಮೇಲೆ ಬೆಲೆ ಕಟ್ಟುತ್ತೇನೆ. ಹಲವರು ಚದರ ಅಂಗುಲಕ್ಕೆ ಇಷ್ಟೆಂದು ಲೆಕ್ಕ ಹಾಕುತ್ತಾರೆ; ನನಗೆ ಅದು ಒಗ್ಗಲಿಲ್ಲ. ಪೂರ್ಣ ಇಂಪೀರಿಯಲ್ ಹಾಳೆ 22×30 ಅಂಗುಲ, ಅಂದರೆ 660 ಚದರ ಅಂಗುಲ. ಅದರ ಕಾಲು ಭಾಗ 11×15, ಅಂದರೆ 165. ಚದರದ ಲೆಕ್ಕದಲ್ಲಿ ದೊಡ್ಡದರ ಬೆಲೆ ಚಿಕ್ಕದರ ನಾಲ್ಕು ಪಟ್ಟಾಗುತ್ತದೆ, ಆದರೆ ನಮ್ಮೂರಿನ ಬಾರಾ ಕಮಾನ್ ಸ್ಮಾರಕದ ಸಾಲು ಕಮಾನುಗಳ ನೆರಳನ್ನು ಚಿಕ್ಕ ಹಾಳೆಯಲ್ಲಿ ಕೂರಿಸುವ ಶ್ರಮ ಕಾಲು ಪಾಲಿಗೆ ಇಳಿಯುವುದಿಲ್ಲ. ಆದ್ದರಿಂದ ಉದ್ದ ಮತ್ತು ಅಗಲವನ್ನು ಕೂಡಿಸಿ ದರದಿಂದ ಗುಣಿಸುತ್ತೇನೆ: ಅಂಗುಲಕ್ಕೆ 250 ರೂಪಾಯಿ ಹಿಡಿದರೆ ಚಿಕ್ಕದಕ್ಕೆ 6,500, ದೊಡ್ಡದಕ್ಕೆ 13,000. ಕಟ್ಟು, ಗಾಜಿನ ಖರ್ಚು ಬೇರೆ. ಹೊಸಬರ ದರ ಇದಕ್ಕಿಂತ ಕಡಿಮೆ ಇದ್ದರೂ ಅಡ್ಡಿಯಿಲ್ಲ, ಆದರೆ ಒಮ್ಮೆ ಏರಿಸಿದ ದರವನ್ನು ಇಳಿಸಿದರೆ ಹಿಂದೆ ಕೊಂಡವರಿಗೆ ಮೋಸ ಮಾಡಿದಂತಾಗುತ್ತದೆ.

ಗ್ಯಾಲರಿಗಳು ಮಾರಾಟದ ಬೆಲೆಯಲ್ಲಿ ಮೂರನೇ ಒಂದು ಪಾಲಿನಿಂದ ಅರ್ಧದವರೆಗೂ ಕಮಿಷನ್ ಹಿಡಿಯುವುದುಂಟು. ಹಾಗೆಂದು ಅಲ್ಲಿ 13,000 ಹೇಳಿ ಮನೆಗೆ ಬಂದವರಿಗೆ 7,000ಕ್ಕೆ ಕೊಡಬಾರದು. ಗ್ಯಾಲರಿಯವರಿಗೆ ಅದು ತಿಳಿಯಲು ಒಂದು ಫೋನ್ ಕರೆ ಸಾಕು.

ಇನ್ನು ಕೊಳ್ಳುವವರು. ಬೆಂಗಳೂರಿನಲ್ಲಿ ಚಿತ್ರಕಲಾ ಪರಿಷತ್ತು ನಡೆಸುವ ಚಿತ್ರಸಂತೆಗೆ ಹೋಗಿ ಬನ್ನಿ, ಜನ ಯಾವ ಅಳತೆಯ ಚಿತ್ರವನ್ನು ಕೈಗೆತ್ತಿಕೊಳ್ಳುತ್ತಾರೆಂಬುದಾದರೂ ತಿಳಿಯುತ್ತದೆ. (ರೈಲಿನಲ್ಲಿ ಗಾಜಿನ ಕಟ್ಟು ಒಯ್ಯಬೇಡಿ, ನನ್ನವು ಎರಡು ಒಡೆದಿವೆ.) ಆದರೆ ನನ್ನ ಮಾರಾಟ ಹೆಚ್ಚಾಗಿ ನಡೆಯುವುದು ಊರಿನ ವಾಸ್ತುಶಾಂತಿಗಳಿಂದ. ಹೊಸ ಮನೆಯವರಿಗೆ ಗೋಡೆಯ ಫೋಟೊ ಮತ್ತು ಅಳತೆ ಕಳಿಸಲು ಹೇಳುತ್ತೇನೆ, ಚಿತ್ರ ಅಲ್ಲಿ ಹೇಗೆ ಕಾಣುತ್ತದೆಂದು ಮೊಬೈಲಿನಲ್ಲೇ ಕೂರಿಸಿ ತೋರಿಸುತ್ತೇನೆ. ಕೊಂಡವರ ಹೆಸರು, ಚಿತ್ರ, ದಿನಾಂಕ ಒಂದು ವಹಿಯಲ್ಲಿ ದಾಖಲಾಗುತ್ತವೆ. ಹೊಸ ಚಿತ್ರಗಳು ಸಿದ್ಧವಾದಾಗ ಮೊದಲ ಸಂದೇಶ ಹೋಗುವುದು ಆ ವಹಿಯವರಿಗೆ.

ರಸೀದಿಯಲ್ಲಿ ಒಂದು ಸಾಲು ಬಿಡದೆ ಬರೆಯಿರಿ: ಚಿತ್ರ ಮಾರಿದೆ, ಮುದ್ರಿಸುವ ಹಕ್ಕು ಮಾರಿಲ್ಲ. ನನ್ನ ಗೋಳಗುಮ್ಮಟದ ಚಿತ್ರವೊಂದನ್ನು ಕೊಂಡವರು ಅದನ್ನು ಕ್ಯಾಲೆಂಡರಿಗೆ ಹಾಕಿಸಿದ ಮೇಲೆ ನಾನು ಇದನ್ನು ಕಲಿತೆ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಆ ಹಕ್ಕು ಲಿಖಿತ ಒಪ್ಪಂದವಿಲ್ಲದೆ ಕೈ ಬದಲಾಗುವುದಿಲ್ಲ. ಆದರೆ ಯಾರಾದರೂ ಹಣ ಕೊಟ್ಟು ತಮ್ಮ ಅಜ್ಜನ ಭಾವಚಿತ್ರ ಬರೆಸಿದರೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಕೃತಿಸ್ವಾಮ್ಯ ಬರೆಸಿದವರದ್ದೇ ಆಗುತ್ತದೆ. ಅಂಥ ಕೆಲಸಕ್ಕೆ ನಾನು ಮುಂಗಡ ಅರ್ಧ ಹಣ ಮತ್ತು ಸಹಿ ಮಾಡಿದ ಒಂದು ಕಾಗದ ಪಡೆದ ಮೇಲೆಯೇ ಪೆನ್ಸಿಲ್ ಹಿಡಿಯುತ್ತೇನೆ.