ಊಟಿಯಲ್ಲಿ ದೋಣಿಯ ಸಾಲು ಬಿಟ್ಟು ನೋಡಬೇಕಾದ್ದು

ಮೈಸೂರಿನಿಂದ ಹೊರಟು ಮಧ್ಯಾಹ್ನಕ್ಕೆ ಊಟಿ ಸೇರುವ ನಮ್ಮವರು ಮೊದಲು ಹೋಗಿ ನಿಲ್ಲುವುದು ಕೆರೆಯ ದಡದಲ್ಲಿ, ದೋಣಿ ಟಿಕೆಟಿನ ಸಾಲಿನಲ್ಲಿ. ಅದನ್ನು ಬಿಟ್ಟರೆ ಏನೂ ನಷ್ಟವಿಲ್ಲ. 1820ರ ದಶಕದಲ್ಲಿ ಕಲೆಕ್ಟರ್ ಜಾನ್ ಸಲಿವನ್ ಕಟ್ಟಿಸಿದ ಕೆರೆ ಅದು. ಈಗ ರಜಾದಿನಗಳಲ್ಲಿ ನೀರಿಗಿಂತ ತಲೆಗಳೇ ಹೆಚ್ಚು ಕಾಣುತ್ತವೆ.

ಆ ಹೊತ್ತನ್ನು ರೈಲಿಗೆ ಕೊಡಿ. ಆದರೆ ಊಟಿಯಿಂದ ಕೂನೂರಿಗೆ ಹೋಗಿ ವಾಪಸು ಬಂದವರು ನೀಲಗಿರಿ ರೈಲಿನ ಅಸಲು ಭಾಗವನ್ನು ನೋಡಿಯೇ ಇರುವುದಿಲ್ಲ. ಆ 19 ಕಿ.ಮೀ.ನಲ್ಲಿ ಓಡುವುದು ಡೀಸೆಲ್ ಎಂಜಿನ್, ಹಳಿಯೂ ಮಾಮೂಲಿನದು. ಹಲ್ಲಿನ ಹಳಿ ಇರುವುದು ಕೂನೂರಿನಿಂದ ಕೆಳಗೆ, ಕಲ್ಲಾರಿನವರೆಗೆ. ಅಲ್ಲಿ ಏರು ಎಷ್ಟು ಕಡಿದೆಂದರೆ 12 ಅಡಿ ಮುಂದೆ ಹೋದರೆ 1 ಅಡಿ ಮೇಲೆ. ಬರೀ ನುಣುಪು ಹಳಿಯ ಮೇಲಾದರೆ ಚಕ್ರ ಜಾರುತ್ತದೆ. ಅದಕ್ಕೇ ಎರಡು ಹಳಿಗಳ ನಡುವೆ ಜೋಡಿ ಹಲ್ಲುಪಟ್ಟಿ ಕೂರಿಸಿದ್ದಾರೆ. ಒಂದರ ಹಲ್ಲು ಇನ್ನೊಂದರ ಸಂದಿಗೆ ನೇರ ಬರುತ್ತದೆ, ಹೀಗಾಗಿ ಎಂಜಿನ್ನಿನ ಹಲ್ಲುಚಕ್ರಕ್ಕೆ ಹಿಡಿತ ತಪ್ಪುವ ಗಳಿಗೆಯೇ ಇಲ್ಲ. ಹತ್ತುವಾಗ ಉಗಿ ಎಂಜಿನ್ ಬೋಗಿಗಳನ್ನು ಎಳೆಯುವುದಿಲ್ಲ, ಹಿಂದಿನಿಂದ ನೂಕುತ್ತದೆ. ಕೊಂಡಿ ಕಳಚಿದರೂ ಬೋಗಿಗಳು ಹಿಂದಕ್ಕೆ ಉರುಳಬಾರದಲ್ಲ!

ಬೆಟ್ಟದ ಬುಡದ ಮೆಟ್ಟುಪಾಳ್ಯದಿಂದ ಬೆಳಿಗ್ಗೆ 7.10ಕ್ಕೆ ಹೊರಡುವ ಗಾಡಿ ಊಟಿ ಮುಟ್ಟಲು ಐದು ಗಂಟೆಯ ಹತ್ತಿರ ಬೇಕು, ದೂರವೋ ಬರೀ 46 ಕಿ.ಮೀ. ಕಾರನ್ನು ಊಟಿಯಲ್ಲಿಟ್ಟವರಿಗೆ ಮಧ್ಯಾಹ್ನ 2ಕ್ಕೆ ಊಟಿಯಿಂದ ಇಳಿಯುವ ಗಾಡಿಯೇ ಸಲೀಸು. ಸಂಜೆ ಮೆಟ್ಟುಪಾಳ್ಯದಲ್ಲಿ ಇಳಿದು ಬಸ್ಸಿನಲ್ಲಿ ವಾಪಸು ಹತ್ತಬಹುದು. ಸೀಟು ಕಡಿಮೆ, ಮುಂಗಡ ಬುಕಿಂಗ್ ತೆರೆದ ದಿನವೇ ಕಾಯ್ದಿರಿಸಬೇಕು. ಸಿಗದಿದ್ದರೆ ಕೂನೂರಿಗಾದರೂ ಹೋಗಿ, ನಿಲ್ದಾಣದ ಪಕ್ಕದ ಶೆಡ್ಡಿನಲ್ಲಿ ಉಗಿ ಎಂಜಿನ್ನುಗಳು ನಿಂತಿರುತ್ತವೆ. ಇನ್ನೊಂದು ಮಾತು: ಮಳೆಗಾಲ ಮುಗಿಯಿತೆಂದು ನಾವು ಅಕ್ಟೋಬರ್, ನವೆಂಬರಿನಲ್ಲಿ ಹೊರಡುತ್ತೇವೆ. ಕೂನೂರು ಕಡೆಯ ಇಳಿಜಾರಿಗೆ ಹಿಂಗಾರು ಜೋರಾಗಿ ಹೊಡೆಯುವುದೇ ಆಗ. ಮಣ್ಣು ಕುಸಿದು ಹಳಿ ಮುಚ್ಚಿ, ಗಾಡಿ ದಿನಗಟ್ಟಲೆ ರದ್ದಾಗುವುದೂ ಆಗಲೇ.

ಕನ್ನಡಿಗರು ತಪ್ಪದೆ ನೋಡಬೇಕಾದ್ದು ಸಂತ ಸ್ಟೀಫನ್ನರ ಚರ್ಚು. 1829ರಲ್ಲಿ ಅಡಿಗಲ್ಲು ಬಿದ್ದ ಈ ಕಟ್ಟಡದ ಚಾವಣಿ ಹೊತ್ತಿರುವ ಭಾರಿ ತೊಲೆಗಳು ಶ್ರೀರಂಗಪಟ್ಟಣದ್ದು. ಟಿಪ್ಪುವಿನ ಅರಮನೆಯನ್ನು ಕೆಡವಿ ತಂದ ಮರ. ಹೊರಗಿನ ತಿಳಿ ಹಳದಿ ಗೋಡೆಗೆ ನಿಂತು ಫೋಟೊ ತೆಗೆಸಿಕೊಂಡು ಹೋಗಿಬಿಡುವವರೇ ಹೆಚ್ಚು. ಒಳಗೆ ಹೋಗಿ, ತಲೆಯೆತ್ತಿ ನೋಡಬೇಕು.

1848ರಲ್ಲಿ ಶುರುವಾದ ಸಸ್ಯೋದ್ಯಾನ 22 ಹೆಕ್ಟೇರಿನಷ್ಟು ದೊಡ್ಡದು, ಗುಡ್ಡದ ಮೈಗೆ ಅಂಟಿಕೊಂಡಂತಿದೆ. ಕೆಳಗಿನ ಹುಲ್ಲುಹಾಸಿನಲ್ಲೇ ಕೂತು ಎದ್ದು ಬರಬೇಡಿ. ಸುಮಾರು 2 ಕೋಟಿ ವರ್ಷ ಹಳೆಯದೆನ್ನುವ ಕಲ್ಲಾದ ಮರದ ಕಾಂಡ ನೋಡಿಕೊಂಡು ಮೇಲಕ್ಕೆ ಹತ್ತಿದರೆ ತುದಿಯಲ್ಲಿ ತೋಡರ ಮಂದು, ಅಂದರೆ ಈ ಬೆಟ್ಟದ ಮೂಲನಿವಾಸಿಗಳ ಹಾಡಿ, ಇದೆ. ಅಡ್ಡ ಮಲಗಿಸಿದ ಅರ್ಧ ಪೀಪಾಯಿಯಂಥ ಗುಡಿಸಲು, ಬಾಗಿಲು ಎಷ್ಟು ಗಿಡ್ಡವೆಂದರೆ ತೆವಳಿಯೇ ಒಳಹೋಗಬೇಕು. ಅದು ಜನ ಬಾಳುವ ಜಾಗ, ಕೇಳದೆ ಕ್ಯಾಮೆರಾ ಎತ್ತಬಾರದು.

2,637 ಮೀಟರ್ ಎತ್ತರದ ದೊಡ್ಡಬೆಟ್ಟಕ್ಕೆ ಗೇಟು ತೆರೆಯುವ ಹೊತ್ತಿಗೇ ಹೋಗಬೇಕು. ಮಧ್ಯಾಹ್ನ ಕಣಿವೆಯಿಂದ ಮಂಜು ಮೇಲೇರಿದರೆ ದುಡ್ಡು ಕೊಟ್ಟು ಬಿಳಿ ಗೋಡೆ ನೋಡಿದ ಹಾಗೆ. ಫರ್ನ್‌ಹಿಲ್ಲಿನಲ್ಲಿ ಕರ್ನಾಟಕ ತೋಟಗಾರಿಕೆ ಇಲಾಖೆಯದೇ 38 ಎಕರೆಯ ಉದ್ಯಾನವಿದೆ. ಸಸ್ಯೋದ್ಯಾನದಷ್ಟು ನೂಕುನುಗ್ಗಲಿಲ್ಲ, ಮಕ್ಕಳಿದ್ದರೆ ಇದೇ ವಾಸಿ.

ಸ್ವಂತ ಗಾಡಿಯಲ್ಲಿ ಹೋಗುವವರು ನೀಲಗಿರಿ ಜಿಲ್ಲೆಯೊಳಗೆ ಬಿಡಲು ಕೇಳುವ ಇ-ಪಾಸನ್ನು ಮನೆಯಲ್ಲೇ ಮಾಡಿಕೊಂಡು ಹೊರಡಿ. 2024ರ ಮೇ 7ರಿಂದ ಕಡ್ಡಾಯ, ಸರ್ಕಾರಿ ಬಸ್ಸಿನವರಿಗೆ ಬೇಡ. ಬೇಸಿಗೆಯಲ್ಲಿ ದಿನಕ್ಕಿಷ್ಟೇ ವಾಹನವೆಂದು ಮಿತಿ ಹಾಕುವುದರಿಂದ ಕೊನೆಗಳಿಗೆಯಲ್ಲಿ ಸಿಗದೆಯೂ ಹೋಗಬಹುದು. ತಮಿಳುನಾಡು ಗಡಿಯ ಕಕ್ಕನಹಳ್ಳ ಚೆಕ್‌ಪೋಸ್ಟಿನಲ್ಲಿ ಪಾಸಿನ ಜೊತೆ ಪ್ಲಾಸ್ಟಿಕ್ ನೀರಿನ ಬಾಟಲಿಯನ್ನೂ ಹುಡುಕುತ್ತಾರೆ, ಸ್ಟೀಲಿನದು ಒಯ್ಯಿರಿ. ಮಸಿನಗುಡಿ, ಕಲ್ಹಟ್ಟಿಯ 36 ತಿರುವುಗಳ ದಾರಿ ಹತ್ತಲು ಮಾತ್ರ. ಇಳಿಯಲು ಹೊರಗಿನ ಗಾಡಿಗಳನ್ನು ಬಿಡುವುದಿಲ್ಲ. ಒಂದೇ ಸಮನೆ ಬ್ರೇಕ್ ಒತ್ತುತ್ತ ಬಂದರೆ ಬ್ರೇಕು ಕಾದು ಹಿಡಿಯದೆ ಹೋಗುತ್ತದೆ, ಆ ಘಾಟಿಯಲ್ಲಿ ಗಾಡಿಗಳು ಉರುಳಿದ್ದು ಹಾಗೆಯೇ. ಹಿಂದಿರುಗುವಾಗ ಗೂಡಲೂರಿನ ಮೇಲೆ ಸುಮಾರು 30 ಕಿ.ಮೀ. ಸುತ್ತು, ಅಲ್ಲಿಯೂ ಎರಡನೇ ಗೇರಿನಲ್ಲೇ ಇಳಿಯಿರಿ. ಬಂಡೀಪುರದ ಗೇಟು ರಾತ್ರಿ 9ಕ್ಕೆ ಮುಚ್ಚಿದರೆ ತೆರೆಯುವುದು ಬೆಳಿಗ್ಗೆ 6ಕ್ಕೆ. ಊಟಿಯನ್ನು ಸಂಜೆ ನಾಲ್ಕೂವರೆಯೊಳಗೆ ಬಿಟ್ಟರೆ ದಾರಿಯಲ್ಲಿ ಟೀ ಕುಡಿದರೂ ಗೇಟು ದಾಟಬಹುದು.