ಲೆಡ್‌ವಿಲ್‌ನ ಬೆಳ್ಳಿ ಸಾಹುಕಾರ

ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ ಡೆನ್ವರ್‌ನಿಂದ ಹಳೆಯ ಗಣಿ ಊರು ಲೆಡ್‌ವಿಲ್‌ಗೆ ಹೋಗುವವರು ನೀರಿನ ಬಾಟಲಿ ಮರೆಯಬೇಡಿ. ಊರು ಇರುವುದೇ 10,000 ಅಡಿಗಿಂತ ಎತ್ತರದಲ್ಲಿ. ಫ್ರೀಮಾಂಟ್ ಪಾಸ್ ಎಂಬ ಕಣಿವೆದಾರಿ ಹತ್ತಿದರೆ ಕ್ಲೈಮ್ಯಾಕ್ಸ್ ಗಣಿ ಕಾಣುತ್ತದೆ, ಉಕ್ಕಿಗೆ ಬೆರೆಸುವ ಮಾಲಿಬ್ಡಿನಂ ಲೋಹದ ಗಣಿ. ಬೆಟ್ಟವನ್ನೇ ಕೊರೆದು ಹಾಕಿದ್ದಾರೆ. ಊರು ತಲುಪಿ ಹ್ಯಾರಿಸನ್ ಅವೆನ್ಯೂದಲ್ಲಿ ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ನಮಗೆ ಏದುಸಿರು.

ನಾವು ಹೋಗಿದ್ದು ಹೊರೇಸ್ ಟೇಬರ್‌ನ ಜಾಡು ಹಿಡಿದು. 1830ರಲ್ಲಿ ವರ್ಮಾಂಟ್‌ನಲ್ಲಿ ಹುಟ್ಟಿದ ಕಲ್ಲುಕುಟಿಗ. ಚಿನ್ನದ ಆಸೆಗೆ ಹೆಂಡತಿ ಆಗಸ್ಟಾ ಜೊತೆ ಕೊಲೊರಾಡೊಗೆ ಬಂದ. ಚಿನ್ನ ಅಷ್ಟಕ್ಕಷ್ಟೆ. ಸಂಸಾರ ನಡೆದಿದ್ದು ದಿನಸಿ ಅಂಗಡಿಯಿಂದ ಮತ್ತು ಗಣಿಯವರಿಗೆ ಅಡುಗೆ ಮಾಡಿ ಹಾಕುತ್ತಿದ್ದ ಆಗಸ್ಟಾಳ ದುಡಿಮೆಯಿಂದ. 1878ರಲ್ಲಿ ಇಬ್ಬರು ಜರ್ಮನ್ ವಲಸಿಗರು ಗಣಿ ಹುಡುಕಲು ಹೊರಟು ಟೇಬರ್‌ನ ಹತ್ತಿರ ಸಾಮಾನು ಕೇಳಿದರು. ಸಿಕ್ಕಿದ್ದರಲ್ಲಿ ಮೂರನೇ ಒಂದು ಪಾಲು ಎಂಬ ಕರಾರಿನ ಮೇಲೆ ಕೊಟ್ಟ. ಅವರು ಅಗೆದ ಕಡೆ ಬೆಳ್ಳಿ! ಅದೇ ಲಿಟಲ್ ಪಿಟ್ಸ್‌ಬರ್ಗ್ ಗಣಿ. ಅದೃಷ್ಟ ಅಂದ್ರೆ ಇದು ಅಲ್ವಾ?

ಮರುವರ್ಷವೇ ಅವನು ಕಟ್ಟಿಸಿದ ಟೇಬರ್ ಒಪೆರಾ ಹೌಸ್ ಮುಖ್ಯ ಬೀದಿಯಲ್ಲಿ ಇನ್ನೂ ನಿಂತಿದೆ. ಮೂರು ಅಂತಸ್ತು, ಇಟ್ಟಿಗೆ ಕಟ್ಟಡ. 1882ರಲ್ಲಿ ಲೇಖಕ ಆಸ್ಕರ್ ವೈಲ್ಡ್ ಇಲ್ಲಿಗೆ ಬಂದು ಗಣಿ ಕಾರ್ಮಿಕರ ಮುಂದೆ ಭಾಷಣ ಮಾಡಿದ್ದ. ಆ ಹೊತ್ತಿಗೆ ಟೇಬರ್‌ಗೆ ಬೇಬಿ ಡೋ ಎಂಬ ಚೆಲುವೆಯ ಹುಚ್ಚು. 1883ರಲ್ಲಿ ಆಗಸ್ಟಾಗೆ ವಿಚ್ಛೇದನ, ಅವನಿಗೆ ತಿಂಗಳ ಮಟ್ಟಿಗೆ ಸೆನೆಟರ್ ಪದವಿ, ವಾಷಿಂಗ್ಟನ್‌ನಲ್ಲಿ ಎರಡನೇ ಮದುವೆ. ಅಧ್ಯಕ್ಷ ಚೆಸ್ಟರ್ ಆರ್ಥರ್ ಕೂಡ ಬಂದಿದ್ದರು.

ಈ ಸಾಹುಕಾರನನ್ನು ಮುಳುಗಿಸಿದ್ದರಲ್ಲಿ ನಮ್ಮ ರೂಪಾಯಿಯ ಪಾಲೂ ಇದೆ. ಭಾರತದಲ್ಲಿ ಆಗ ಯಾರು ಬೇಕಾದರೂ ಟಂಕಸಾಲೆಗೆ ಬೆಳ್ಳಿ ಕೊಟ್ಟು ರೂಪಾಯಿ ಹೊಡೆಸಿಕೊಳ್ಳಬಹುದಿತ್ತು. 1893ರ ಜೂನ್‌ನಲ್ಲಿ ಬ್ರಿಟಿಷ್ ಸರ್ಕಾರ ಅದನ್ನು ನಿಲ್ಲಿಸಿತು. ಬೇಡಿಕೆ ಕುಸಿದು ಬೆಳ್ಳಿಯ ಬೆಲೆ ಬಿತ್ತು, ಕೊಲೊರಾಡೊದ ಗಣಿಗಳು ಸಾಲಾಗಿ ಬಾಗಿಲು ಹಾಕಿದವು. ಅದೇ ವರ್ಷ ಅಮೆರಿಕ ಸರ್ಕಾರವೂ ಬೆಳ್ಳಿ ಕೊಳ್ಳುವ ಕಾಯ್ದೆಯನ್ನು ರದ್ದು ಮಾಡಿತು. ಮೊದಲೇ ಸಿಕ್ಕಸಿಕ್ಕ ಕಡೆ ದುಡ್ಡು ಸುರಿದು ಸಾಲ ಮಾಡಿಕೊಂಡಿದ್ದ ಟೇಬರ್ ದಿವಾಳಿಯಾದ. ಕೊನೆಗೆ ಡೆನ್ವರ್‌ನಲ್ಲಿ ಪೋಸ್ಟ್‌ಮಾಸ್ಟರ್ ಆಗಿ 1899ರಲ್ಲಿ ತೀರಿಕೊಂಡ.

ಅವನ ಮ್ಯಾಚ್‌ಲೆಸ್ ಗಣಿ ಊರಿನ ಪೂರ್ವಕ್ಕಿದೆ. ದಾರಿಯುದ್ದಕ್ಕೂ ಗಣಿಯಿಂದ ತೆಗೆದು ಸುರಿದ ಹಳದಿ ಮಣ್ಣಿನ ಗುಡ್ಡೆಗಳು, ಅವುಗಳ ಮೇಲೆ ಹುಲ್ಲೂ ಸರಿಯಾಗಿ ಹುಟ್ಟಿಲ್ಲ. ಟೇಬರ್ ಸತ್ತ ಮೇಲೆ ಗಣಿಯ ಪಕ್ಕದ ಮರದ ಗುಡಿಸಲಿನಲ್ಲೇ ಬೇಬಿ ಡೋ ಮೂವತ್ತು ವರ್ಷಕ್ಕೂ ಜಾಸ್ತಿ ಬದುಕಿದಳು. ಚಪ್ಪಲಿಗೆ ದುಡ್ಡಿಲ್ಲದೆ ಕಾಲಿಗೆ ಗೋಣಿತಾಟು ಸುತ್ತಿಕೊಂಡು ಊರಿಗೆ ನಡೆದು ಬರುತ್ತಿದ್ದಳಂತೆ. 1935ರ ಚಳಿಗಾಲದಲ್ಲಿ ಅದೇ ಗುಡಿಸಲಿನ ನೆಲದ ಮೇಲೆ ಅವಳ ಹೆಣ ಹೆಪ್ಪುಗಟ್ಟಿ ಸಿಕ್ಕಿತು. ಒಳಗೆ ನಿಂತರೆ ಕೈ ಚಾಚಿದಷ್ಟೇ ಜಾಗ ಅನ್ನಿಸುತ್ತದೆ. ಬಂದವರೆಲ್ಲ ಇಲ್ಲೇ ಫೋಟೊ ತೆಗೆಸಿಕೊಳ್ಳುತ್ತಾರೆ.

ನನಗೆ ಮಾತ್ರ ಆಗಸ್ಟಾ ಇಷ್ಟ. ವಿಚ್ಛೇದನದಲ್ಲಿ ಬಂದ ಆಸ್ತಿಯನ್ನು ಜಾಣತನದಿಂದ ಬೆಳೆಸಿ, 1895ರಲ್ಲಿ ಶ್ರೀಮಂತೆಯಾಗಿಯೇ ಕಣ್ಣು ಮುಚ್ಚಿದಳು. ಅವಳು ಟೇಬರ್ ಜೊತೆ ಬಾಳಿದ ಮರದ ಮನೆ ಐದನೇ ಬೀದಿಯಲ್ಲಿದೆ, ಒಪೆರಾ ಹೌಸ್‌ನಿಂದ ನಡೆದೇ ಹೋಗಬಹುದು. ಸುಮ್ನೆ ಹೊರಗಿನಿಂದಲಾದರೂ ನೋಡಿ ಬನ್ನಿ.